ಕಿಲ್‌ಪೆಕ್ ಚರ್ಚಿನ ಕಲ್ಲುಗಳಿಗೆ ಬಿಡುವಿಲ್ಲ

ವೇಲ್ಸ್ ಗಡಿಗೆ ಅಂಟಿಕೊಂಡಿರುವ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಕಿಲ್‌ಪೆಕ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಸಂತ ಮೇರಿ ಮತ್ತು ಸಂತ ಡೇವಿಡ್ ಚರ್ಚಿಗೆ ಗೋಪುರವಿಲ್ಲ, ದೊಡ್ಡ ಕಿಟಕಿಗಳೂ ಇಲ್ಲ. ದೂರದಿಂದ ನೋಡಿದರೆ ಕೆಂಪು ಮರಳುಗಲ್ಲಿನ ಹಳೆಯ ಉಗ್ರಾಣ. ಹತ್ತಿರ ಹೋದಾಗ ಸೂರಿನಡಿಯಿಂದ ಯಾರೋ ಇಣುಕುತ್ತಾರೆ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಮೊದಲು ಕೋಟೆ ಕಟ್ಟಿದರು, ಅದರ ಬೆನ್ನಿಗೇ ಚರ್ಚುಗಳನ್ನೂ ಎಬ್ಬಿಸಿದರು. ಕಿಲ್‌ಪೆಕ್‌ನಲ್ಲೂ ಚರ್ಚಿನ ಪಶ್ಚಿಮಕ್ಕೆ ಕೋಟೆಯ ದಿಬ್ಬ ಈಗಲೂ ಇದೆ. ಇಂದು ಕಾಣುವ ಚರ್ಚು ಸುಮಾರು 1140ರದು. ನಕ್ಷೆ ತೀರ ಸರಳ: ಜನ ಸೇರುವ ಹಜಾರ, ಅದರ ಮುಂದೆ ಪಾದ್ರಿಗಳ ಅಂಕಣ, ತುದಿಯಲ್ಲಿ ಬಲಿಪೀಠದ ಅರ್ಧವೃತ್ತ. ಒಂದರ ಹಿಂದೆ ಒಂದು, ಕಿರಿದಾಗುತ್ತ ಹೋಗುತ್ತವೆ.

ನಾರ್ಮನ್ ಕಟ್ಟಡವೆಂದರೆ ದಪ್ಪ ಗೋಡೆ, ಗುಂಡು ಕಮಾನು, ಕತ್ತಲು ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುವವರಿದ್ದಾರೆ. ಅರ್ಧವೃತ್ತದ ಕಮಾನು ತನ್ನ ಭಾರವನ್ನು ಪಕ್ಕಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಿರಲೇಬೇಕು. ಆದರೆ ಆ ದಪ್ಪವೇ ಶಿಲ್ಪಿಗೆ ಒದಗಿದ ಬಂಡವಾಳ. ದಪ್ಪ ಗೋಡೆಯಲ್ಲಿ ಬಾಗಿಲು ಕೊರೆಯುವಾಗ ಒಂದೇ ಕಮಾನು ಸಾಲದು. ಹೊರಗೊಂದು, ಅದರೊಳಗೆ ತುಸು ಹಿಂದೆ ಸರಿದು ಇನ್ನೊಂದು, ಹೀಗೆ ಬಳೆ ಬಳೆಯಾಗಿ ಕಟ್ಟಬೇಕು. ಪ್ರತಿ ಬಳೆಗೂ ಕೆಳಗೊಂದು ಕಂಬ. ಕಿಲ್‌ಪೆಕ್‌ನ ದಕ್ಷಿಣ ಬಾಗಿಲಲ್ಲಿ ಇಂಥ ಜಾಗವೊಂದೂ ಖಾಲಿ ಉಳಿದಿಲ್ಲ. ಕಂಬದ ಮೇಲೆ ಹಾವುಗಳು ಹೆಣೆದುಕೊಂಡಿವೆ, ಬಳ್ಳಿಯ ನಡುವೆ ಷರಾಯಿ ತೊಟ್ಟ ಇಬ್ಬರು ಸಿಕ್ಕಿಕೊಂಡಿದ್ದಾರೆ, ಬೋದಿಗೆಯ ಮೇಲೊಂದು ಮುಖ ಬಾಯಿಂದ ಎಲೆಬಳ್ಳಿ ಉಗುಳುತ್ತಿದೆ. ಕಮಾನಿನ ಒಂದೊಂದು ಕಲ್ಲಿಗೂ ಒಂದೊಂದು ಪ್ರಾಣಿ. ಆ ಕಲ್ಲು ಕಮಾನನ್ನು ಹೊರುತ್ತಲೇ ಹಲ್ಲು ಕಿರಿಯುತ್ತದೆ.

ಸೂರಿನದೂ ಅದೇ ಕಥೆ. ಚಾವಣಿಯ ಅಂಚನ್ನು ಹೊರಲು ಗೋಡೆಯಿಂದ ಚಾಚಿದ ತುಂಡುಗಲ್ಲುಗಳ ಸಾಲು ಕಟ್ಟಡದ ಸುತ್ತ ಹೋಗುತ್ತದೆ. ಅವುಗಳಲ್ಲಿ 85 ಉಳಿದಿವೆ. ಒಂದರಲ್ಲಿ ನಾಯಿ ಮತ್ತು ಮೊಲ ಅಕ್ಕಪಕ್ಕ ಕೂತು ನಮ್ಮತ್ತ ನೋಡುತ್ತವೆ. ಬೇಟೆ, ಬೇಟೆಗಾರ ಎಂಬ ಭೇದ ಮರೆತ ಅಮಾಯಕ ಮುಖಗಳು. ಇನ್ನೊಂದರಲ್ಲಿ ಪಿಟೀಲಿನಂಥ ವಾದ್ಯ ನುಡಿಸುವವನಿದ್ದಾನೆ. ಬಲಿಪೀಠದ ಭಾಗದ ಹೊರಗೆ, ಪ್ರಾರ್ಥನೆ ನಡೆಯುವ ಕಡೆಯ ಬೆನ್ನಿಗೇ, ಬೋಳುತಲೆಯ ದೊಡ್ಡ ಕಣ್ಣಿನ ಹೆಣ್ಣೊಬ್ಬಳು ಎರಡೂ ಕೈಗಳಿಂದ ತನ್ನ ಯೋನಿಯನ್ನು ಅಗಲಿಸಿ ಹಿಡಿದಿದ್ದಾಳೆ. ಇಂಥ ಶಿಲ್ಪಗಳಿಗೆ ಶೀಲಾ-ನ-ಗಿಗ್ ಎಂಬ ಹೆಸರಿದೆ. ಕಾಮದ ವಿರುದ್ಧ ಎಚ್ಚರಿಕೆ ಎನ್ನುವವರಿದ್ದಾರೆ, ಕೆಟ್ಟ ದೃಷ್ಟಿ ತಡೆಯಲು ಎನ್ನುವವರಿದ್ದಾರೆ, ಹಳೆಯ ದೇವತೆ ಎನ್ನುವವರೂ ಇದ್ದಾರೆ. 1842ರಲ್ಲಿ ಈ ಚರ್ಚಿನ ಚಿತ್ರಸಂಪುಟ ಹೊರತಂದ ಜಿ.ಆರ್. ಲೂಯಿಸ್‌ಗೆ ಮುಜುಗರವಾಗಿರಬೇಕು: ಎದೆ ಸೀಳಿ ಹೃದಯ ತೋರಿಸುವ ಮೂಢ ಎಂದು ಬಗೆದುಬಿಟ್ಟ. ಎಲ್ಲದಕ್ಕೂ ಧರ್ಮಬೋಧೆ ಹುಡುಕುವ ಹಟ ನನಗೆ ಅನುಮಾನ ತರಿಸುತ್ತದೆ. ಆ ಮೊಲ ಯಾವ ಪಾಪವನ್ನು ಬೋಧಿಸುತ್ತಿದೆ?

ಒಳಗೆ ಶಿಲ್ಪಿಗಳು ಗಂಭೀರರಾಗುತ್ತಾರೆ. ಹಜಾರಕ್ಕೂ ಪಾದ್ರಿಗಳ ಅಂಕಣಕ್ಕೂ ನಡುವಿನ ಕಮಾನಿನ ಎರಡೂ ಬದಿಗೆ ಸಂತರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ಬೀಗದ ಕೈ. ಸ್ಪೇನಿನ ಸ್ಯಾಂಟಿಯಾಗೊ ಯಾತ್ರಾಸ್ಥಳದ ಶಿಲ್ಪದ ನೆರಳನ್ನು ಇಲ್ಲಿ ಕಂಡವರಿದ್ದಾರೆ. ಸಮೀಪದ ಶಾಬ್ಡನ್‌ನಲ್ಲಿ ಚರ್ಚು ಕಟ್ಟಿಸಿದ ಆಲಿವರ್ ಡಿ ಮರ್ಲಿಮಂಡ್ ಸ್ಯಾಂಟಿಯಾಗೊಗೆ ಯಾತ್ರೆ ಹೋಗಿಬಂದವನು. ಪಶ್ಚಿಮದ ಗೋಡೆಯಿಂದ ಬಾಯ್ತೆರೆದು ಹೊರಚಾಚಿದ ಡ್ರ್ಯಾಗನ್ ತಲೆಗಳಲ್ಲಿ ವೈಕಿಂಗ್ ಕೆತ್ತನೆಯ ಛಾಯೆಯಿದೆ. ದೂರದೂರದ ಕಸುಬುಗಳನ್ನು ಹೀಗೆ ಬೆರೆಸಿದ ಈ ಅನಾಮಿಕರ ಕೆಲಸವನ್ನು ಕಲಾ ಇತಿಹಾಸಕಾರರು ಹೆರೆಫರ್ಡ್‌ಶೈರ್ ಶೈಲಿ ಎನ್ನುತ್ತಾರೆ. ಈರ್ಡಿಸ್ಲಿ ಚರ್ಚಿನ ದೀಕ್ಷಾಸ್ನಾನದ ಕಲ್ಲುತೊಟ್ಟಿಯೂ ಇದೇ ಬಳಗದ್ದು.

ಆ ಶಾಬ್ಡನ್ ಚರ್ಚನ್ನು 18ನೇ ಶತಮಾನದಲ್ಲಿ ಒಡೆದು, ಕೆತ್ತನೆಯ ಕಮಾನುಗಳನ್ನಷ್ಟೇ ಗುಡ್ಡದ ಮೇಲೆ ಅಲಂಕಾರಕ್ಕೆ ನಿಲ್ಲಿಸಿದರು. ಚಾವಣಿಯೂ ಇಲ್ಲ, ಸೂರೂ ಇಲ್ಲ. ಮಳೆಗಾಳಿಗೆ ಸವೆದು ಅಲ್ಲಿನ ಮುಖಗಳು ಈಗ ಗುರುತು ಸಿಗದಂತಾಗಿವೆ.