ಹೋಗಿ ಬಂದದ್ದಕ್ಕೆ ಸಾಕ್ಷಿ ಯಾರು?

ರಾತ್ರಿ ಮೂರು ಗಂಟೆ. ಕಾಪುವಿನಲ್ಲಿ ಹೆದ್ದಾರಿ ಬದಿಯ ಒಂದು ಎಟಿಎಂ. ಬೆವರಿನಲ್ಲಿ ತೊಯ್ದ ಸವಾರನೊಬ್ಬ ಸೈಕಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗುತ್ತಾನೆ. ಹಣ ತೆಗೆಯುವುದಿಲ್ಲ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಿ, ಯಂತ್ರ ಕೊಟ್ಟ ಚೀಟಿಯನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಮತ್ತೆ ಕತ್ತಲೆಗೆ ಇಳಿಯುತ್ತಾನೆ. ನೋಡಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅವನಿಗೆ ಬೇಕಾದದ್ದು ಬಾಕಿ ಮೊತ್ತವಲ್ಲ. ಚೀಟಿಯ ಮೇಲೆ ಅಚ್ಚಾದ ಊರು, ದಿನಾಂಕ ಮತ್ತು ಗಂಟೆ.

ಇಂಥ ಸವಾರಿಗೆ 'ಬ್ರೆವೆ' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ ಪ್ರಮಾಣಪತ್ರ ಎಂದೇ ಅರ್ಥ. ಇದು ಓಟದ ಪಂದ್ಯವಲ್ಲ, ಮೊದಲ ಸ್ಥಾನ ಎಂಬುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದವರೆಲ್ಲ ಸಮಾನರು. ಭಾರತದಲ್ಲಿ ಇದನ್ನು 'ಆಡಾಕ್ಸ್ ಇಂಡಿಯಾ ರಾಂಡನರ್ಸ್' ಸಂಸ್ಥೆ ನೋಡಿಕೊಳ್ಳುತ್ತದೆ. ಫಲಿತಾಂಶಕ್ಕೆ ಅಂತಿಮ ಮನ್ನಣೆ ನೀಡುವುದು ಪ್ಯಾರಿಸಿನ 'ಆಡಾಕ್ಸ್ ಕ್ಲಬ್ ಪಾರಿಸಿಯಾಂ'. ಕರಾವಳಿಯ ನಮ್ಮ ರಸ್ತೆಗಳಲ್ಲೂ ಈ ಬಳಗದ ಸವಾರರು ಕಾಣಸಿಗುತ್ತಾರೆ.

ಆದರೆ ಹಿಂದೆ ಕಾರು ಬರುವುದಿಲ್ಲ, ದಾರಿಯುದ್ದಕ್ಕೂ ತೀರ್ಪುಗಾರರಿಲ್ಲ. ಹಾಗಾದರೆ ಸವಾರ ಪೂರ್ತಿ ದಾರಿ ತುಳಿದನೆಂದು ಹೇಳುವವರು ಯಾರು?

ಈ ತಲೆನೋವು ಸೈಕಲ್ ಪಂದ್ಯಗಳಷ್ಟೇ ಹಳೆಯದು. 1891ರಲ್ಲಿ ಪಿಯೇರ್ ಗಿಫಾರ್ ಎಂಬ ಪತ್ರಕರ್ತ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿ.ಮೀ. ಪಂದ್ಯವನ್ನು ಏರ್ಪಡಿಸಿದಾಗ ಸವಾರರ ಸೈಕಲುಗಳಿಗೆ ಮುದ್ರೆ ಒತ್ತಿದ್ದರು. ನಡುದಾರಿಯಲ್ಲಿ ಬೇರೆ ಸೈಕಲ್ ಹತ್ತಬಾರದೆಂದು ಈ ಏರ್ಪಾಡು. ಗೊತ್ತುಮಾಡಿದ ಊರುಗಳಲ್ಲಿ ಇಳಿದು ಸಹಿ ಹಾಕಿಸಿಕೊಳ್ಳಬೇಕಿತ್ತು. ಶಾರ್ಲ್ ತೆರೋಂ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಇಷ್ಟು ಎಚ್ಚರಿಕೆ ಅತಿಯೆನ್ನುವವರು 1904ರ 'ಟೂರ್ ದ ಫ್ರಾನ್ಸ್' ಕಥೆ ಕೇಳಬೇಕು. ರಾತ್ರಿಯ ಹಂತಗಳಲ್ಲಿ ರೈಲು, ಮೋಟಾರುಗಳ ನೆರವು ಪಡೆದರೆಂಬ ದೂರುಗಳ ವಿಚಾರಣೆ ತಿಂಗಳುಗಟ್ಟಲೆ ನಡೆದು, ಹಿಂದಿನ ವರ್ಷದ ವಿಜೇತ ಮೋರಿಸ್ ಗಾರಿನ್ ಸೇರಿದಂತೆ ಮೊದಲ ನಾಲ್ವರೂ ಅನರ್ಹರಾದರು. ಐದನೆಯವನಾಗಿ ಬಂದಿದ್ದ ಹೆನ್ರಿ ಕಾರ್ನೆ ವಿಜೇತನಾದ. ಪಂದ್ಯದ ಹೊತ್ತಿಗೆ ಅವನಿಗೆ 19 ವರ್ಷ! ಪ್ಯಾರಿಸಿನ ಆಡಾಕ್ಸ್ ಕ್ಲಬ್ ಹುಟ್ಟಿದ್ದೂ 1904ರಲ್ಲೇ. ಪ್ರತಿಯೊಬ್ಬನೂ ತನ್ನ ವೇಗದಲ್ಲಿ ಸಾಗುವ ಈಗಿನ ಬಗೆಯ ಬ್ರೆವೆಯನ್ನು ಅದು ಆರಂಭಿಸಿದ್ದು 1921ರಲ್ಲಿ.

ಬ್ರೆವೆಯ ಜೀವಾಳ ಒಂದು ಮಡಚಿದ ಕಾರ್ಡು. ನೋಡಲು ಸಹಕಾರಿ ಸಂಘದ ಹಳೆಯ ಪಾಸ್‌ಪುಸ್ತಕದಂತೆ. ಅದರ ಪ್ರತಿ ಮನೆಯೂ ಒಂದೊಂದು 'ಕಂಟ್ರೋಲ್', ಎಂದರೆ ತಪಾಸಣೆಯ ಜಾಗ. ಅಲ್ಲಿ ಮುದ್ರೆ, ಸಹಿ, ಗಂಟೆ ಬೀಳಬೇಕು. ನಮಗಿದು ಹೊಸದಲ್ಲ. ರಾತ್ರಿ ಗಸ್ತಿನ ಪೊಲೀಸರು ಬ್ಯಾಂಕು, ದೇವಸ್ಥಾನಗಳಲ್ಲಿ ಇಟ್ಟ ಬೀಟ್ ಪುಸ್ತಕಕ್ಕೆ ಸಹಿ ಹಾಕಿ ಹೋಗುವುದನ್ನು ನೋಡಿದವರಿಗೆ ತತ್ವ ಕೂಡಲೇ ಹೊಳೆಯುತ್ತದೆ. ಒಂದು ವ್ಯತ್ಯಾಸ: ಗಸ್ತಿನಲ್ಲಿ ಪುಸ್ತಕ ನಿಂತಿರುತ್ತದೆ, ಬ್ರೆವೆಯಲ್ಲಿ ಪುಸ್ತಕವೇ ಸವಾರನ ಜೊತೆ ಓಡುತ್ತದೆ.

ಕಂಟ್ರೋಲನ್ನು ಎಲ್ಲಿ ಇಡಬೇಕೆಂಬುದರಲ್ಲಿಯೇ ಜಾಣತನವಿರುವುದು. ನಮ್ಮದೇ ಒಂದು ದಾರಿ ಹಾಕಿ ನೋಡೋಣ. ಉಡುಪಿಯಿಂದ ಕಾಪು, ಪಡುಬಿದ್ರಿಯವರೆಗೆ ಹೆದ್ದಾರಿ. ಅಲ್ಲಿ ಎಡಕ್ಕೆ ತಿರುಗಿ ಬೆಳ್ಮಣ್ ಮೂಲಕ ಕಾರ್ಕಳ. ಬೈಲೂರು, ಹಿರಿಯಡ್ಕ, ಮಣಿಪಾಲದ ಮೂಲಕ ವಾಪಸು. ಸುಮಾರು 90 ಕಿ.ಮೀ.ಯ ಸುತ್ತು. ಕಾಪು ಮತ್ತು ಕಾರ್ಕಳದಲ್ಲಿ ಮಾತ್ರ ಮುದ್ರೆ ಇಟ್ಟರೆ ಊರು ಬಲ್ಲ ಸವಾರ ಏನು ಮಾಡುತ್ತಾನೆ? ಕಾಪುವಿನಿಂದ ಶಿರ್ವದ ರಸ್ತೆ ಹಿಡಿದು ಬೆಳ್ಮಣ್ಣಿಗೆ ಬರುತ್ತಾನೆ. ಪಡುಬಿದ್ರಿಯ ಮೂಲೆ ತಪ್ಪಿತು, ಕೆಲವು ಕಿಲೋಮೀಟರು ಉಳಿಯಿತು, ಕಾರ್ಡಿನಲ್ಲಿ ಮುದ್ರೆಗಳೆಲ್ಲ ಸರಿಯಾಗಿಯೇ ಇವೆ! ಆದ್ದರಿಂದ ದಾರಿ ತಿರುಗುವ ಮೂಲೆಯಲ್ಲಿ, ಅಂದರೆ ಪಡುಬಿದ್ರಿಯಲ್ಲಿಯೇ, ಕಂಟ್ರೋಲ್ ಇರಬೇಕು. ಹೇಳದೆ ಕೇಳದೆ ಎಲ್ಲೋ ಮರದಡಿ ಕುಳಿತು ಮುದ್ರೆ ಒತ್ತುವ 'ಗುಪ್ತ ಕಂಟ್ರೋಲ್' ಕೂಡ ಉಂಟು.

ಪ್ರತಿ ಕಂಟ್ರೋಲಿಗೂ ಬಾಗಿಲು ತೆರೆಯುವ, ಮುಚ್ಚುವ ಹೊತ್ತಿದೆ. ಬೆಳಿಗ್ಗೆ ಆರಕ್ಕೆ ಹೊರಟರೆ ನೂರನೆಯ ಕಿಲೋಮೀಟರಿನ ಕಂಟ್ರೋಲ್ 8-56ಕ್ಕೆ ತೆರೆದು 12-40ಕ್ಕೆ ಮುಚ್ಚುತ್ತದೆ. ತಡವಾದವನಿಗೆ ಮುಚ್ಚುವುದು ಸರಿ, ಬೇಗ ಬಂದವನನ್ನು ಏಕೆ ನಿಲ್ಲಿಸಬೇಕು ಎನಿಸಬಹುದು. ಗಂಟೆಗೆ 34 ಕಿ.ಮೀ.ಗಿಂತ ವೇಗವಾಗಿ ಬಂದವನನ್ನು ಕಾಯಿಸುವುದರಿಂದ ಸವಾರಿ ಪಂದ್ಯವಾಗುವುದು ತಪ್ಪುತ್ತದೆ; ಎಂಜಿನ್ನಿನ ನೆರವು ಪಡೆದವನಿಗೂ ಲಾಭವಾಗದು.

ಕಂಟ್ರೋಲಿನಲ್ಲಿ ಜನ ಕೂರಿಸಲಾಗದಿದ್ದಾಗ ಬರುವುದೇ ಎಟಿಎಂ ಚೀಟಿ, ಪೆಟ್ರೋಲ್ ಬಂಕಿನ ರಸೀದಿ, ಹೋಟೆಲಿನ ಬಿಲ್ಲು. ಇನ್ನೊಂದು ಉಪಾಯ, ಪ್ರಶ್ನೆ ಕೇಳುವುದು. ಇಲ್ಲಿ ಸಂಘಟಕರು ಸುಲಭವಾಗಿ ಎಡವಬಹುದು. ಕಾಪು ದೀಪಸ್ತಂಭ ಯಾವ ವರ್ಷದ್ದು ಎಂದು ಕೇಳಿದರೆ 1901 ಎಂದು ಮನೆಯಲ್ಲೇ ಕುಳಿತು ಬರೆಯಬಹುದು. ಕಾರ್ಕಳದ ಗೊಮ್ಮಟ 42 ಅಡಿ, ನಿಲ್ಲಿಸಿದ್ದು 1432ರಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಒಳ್ಳೆಯ ಪ್ರಶ್ನೆ ತೀರ ಕ್ಷುಲ್ಲಕವಾಗಿರಬೇಕು: ಬೆಟ್ಟದ ಬುಡದ ಗೇಟಿಗೆ ಯಾವ ಬಣ್ಣ? ಮೂಲೆಯ ಅಂಗಡಿ ಬೋರ್ಡಿನಲ್ಲಿ ಎಷ್ಟು ಸಾಲು? ಚರಿತ್ರೆಯ ಪುಸ್ತಕದಲ್ಲಿ ಸಿಗದ್ದೇ ಇಲ್ಲಿ ಪುರಾವೆ.

ಈಗ ಉಪಗ್ರಹದ ಸಹಾಯದಿಂದ ಮೊಬೈಲು ದಾರಿಯನ್ನು ಗೆರೆ ಎಳೆದು ತೋರಿಸುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅಂಥ ದಾಖಲೆಯೂ ಬಳಕೆಗೆ ಬಂದಿದೆ. ಆದರೆ ಫೋನು ದಾರಿಯನ್ನು ಕಂಡೀತು, ಸವಾರನನ್ನು ಕಾಣದು. ಅದನ್ನು ಹೊತ್ತವನು ಸೈಕಲಿನಲ್ಲಿದ್ದನೋ ಸ್ನೇಹಿತನ ಸ್ಕೂಟರಿನ ಹಿಂಬದಿಯಲ್ಲಿದ್ದನೋ ಗೆರೆಯಿಂದ ತಿಳಿಯುವುದು ಕಷ್ಟ. ಬೈಲೂರಿನಾಚೆ ಚಾರ್ಜು ಮುಗಿದರೆ ಗೆರೆಯೂ ಇಲ್ಲ. 2023ರ ಪ್ಯಾರಿಸ್-ಬ್ರೆಸ್ಟ್ ಸವಾರಿಯಲ್ಲಿ ಕಾಲಿಗೆ ಎಲೆಕ್ಟ್ರಾನಿಕ್ ಚಿಪ್ ಕಟ್ಟಿಸಿದ ಮೇಲೂ ಕಾಗದದ ಕಾರ್ಡನ್ನು ಬಿಟ್ಟಿರಲಿಲ್ಲ.

ಕಾರ್ಡು ಕಳೆದರೆ ಮಾತ್ರ ಸಂಕಟ. ಪ್ರಾಮಾಣಿಕವಾಗಿ 400 ಕಿ.ಮೀ. ತುಳಿದವನ ಜೇಬಿನಿಂದ ಹಿರಿಯಡ್ಕದಲ್ಲಿ ಅದು ಜಾರಿಬಿದ್ದರೆ ಮಣಿಪಾಲದ ಏರು ಹತ್ತಿಯೂ ಅವನ ಹೆಸರು ಪ್ಯಾರಿಸಿಗೆ ಹೋಗದಿರಬಹುದು. ಇದು ಕ್ರೂರವೆಂದೇ ನನಗೆ ಅನಿಸುತ್ತದೆ. ಕಾರ್ಡು ಕಾಯುವುದೂ ಸವಾರಿಯ ಭಾಗವೆಂದು ಹಳಬರು ಹೇಳುತ್ತಾರೆ. ಅವರ ಬಳಿ ಇನ್ನೊಂದು ಬುದ್ಧಿಮಾತೂ ಇದೆ: ಎಟಿಎಂ ಚೀಟಿಯ ಕಾಗದ ಶಾಖ ತಾಗಿದರೆ ಕಪ್ಪಾಗುತ್ತದೆ, ಬೆವರು, ಮಳೆ ತಾಗಿದರೆ ಅಕ್ಷರಗಳು ಮಾಸುತ್ತವೆ. ಚೀಟಿ ಕೈಗೆ ಬಂದ ಕೂಡಲೇ, ಕಾಪುವಿನ ದೀಪದ ಬೆಳಕಿನಲ್ಲೇ, ಅದರದೊಂದು ಫೋಟೋ ತೆಗೆದಿಟ್ಟುಕೊಳ್ಳಿ.