ಬೀಗದ ಕೈ ಒಂದು, ಮುನೀಮರು ಇಬ್ಬರು

ಪುಣೆಯಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿ ಇದೆ. ಅಲ್ಲಿ ಬಿಲ್ಲು ಹಾಕುವುದು ಇವತ್ತಿಗೂ ಹಳೆಯ ಡಾಸ್ ಗಣಕಯಂತ್ರದಲ್ಲೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟು ಶೇಕಡ 18ರಿಂದ 5ಕ್ಕೆ ಇಳಿದವು. ದರಗಳೆಲ್ಲ ಪ್ರೋಗ್ರಾಮಿನ ಒಳಗೇ ಬರೆದಿದ್ದವು. ಬರೆದವರು ಊರು ಬಿಟ್ಟಿದ್ದರು. ಅವತ್ತೇ ನವರಾತ್ರಿ ಶುರು. "ಕಾಮರ್ಸ್ ಓದ್ತೀಯಲ್ಲೋ, ಇಷ್ಟು ಮಾಡಿಕೊಡು" ಅಂದರು ಮಾವ.

ಪ್ರೋಗ್ರಾಮು ಸಿ ಭಾಷೆಯದು. ಅಂಗಡಿಯ ಯಂತ್ರ ಮುಟ್ಟಲು ಧೈರ್ಯ ಸಾಲದೆ, ಮನೆಯ ಅಟ್ಟದಲ್ಲಿದ್ದ ಇನ್ನೊಂದನ್ನು ಇಳಿಸಿದೆ. ಅದರಲ್ಲಿ ಡಿಜೆಜಿಪಿಪಿ ಎಂಬ ಕಂಪೈಲರ್ ಇತ್ತು. ದರ ತಿದ್ದಿ ಅದನ್ನು ಓಡಿಸಿದರೆ, "ಪ್ರೊಟೆಕ್ಟೆಡ್ ಮೋಡ್ ನಾಟ್ ಆಕ್ಸೆಸಿಬಲ್" ಅಂತ ಹೇಳಿ ನಿಂತುಬಿಟ್ಟಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ, ಇಂಗ್ಲಿಷಿನಲ್ಲಿ ಯಾರು ಗದರಿದರೂ ತಪ್ಪು ನನ್ನದೇ ಅನ್ನಿಸುವ ರೋಗ. ಎರಡು ರಾತ್ರಿ ನನ್ನ ಸಾಲುಗಳನ್ನೇ ತಿದ್ದಿದೆ. ತಪ್ಪು ಅಲ್ಲಿ ಇರಲೇ ಇಲ್ಲ.

ಮಿತ್ರರೇ, ವಿಷಯ ಇಷ್ಟೇ. 1981ರ ಐಬಿಎಂ ಪಿಸಿಯ ಪ್ರೊಸೆಸರಿಗೆ ಎಟುಕುತ್ತಿದ್ದದ್ದು 1024 ಕೆಬಿ ಜಾಗ. ಅದರಲ್ಲಿ 640 ಕೆಬಿ ಪ್ರೋಗ್ರಾಮುಗಳಿಗೆ. ಮೇಲಿನ 384 ತೆರೆ, ಕಾರ್ಡು ಮುಂತಾದವಕ್ಕೆ. 1985ರಲ್ಲಿ ಬಂದ 386 ಪ್ರೊಸೆಸರ್ 'ಪ್ರೊಟೆಕ್ಟೆಡ್ ಮೋಡ್'ನಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ಗೋದಾಮನ್ನು ತೆರೆಯಬಲ್ಲುದು. ಆದರೆ ಬೀಗದ ಕೈ ಒಂದೇ. ಇಎಂಎಂ386 ಎಂಬ ಮೆಮೊರಿ ಮ್ಯಾನೇಜರ್ ಯಂತ್ರ ಶುರುವಾದ ಕೂಡಲೇ ಆ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮುನೀಮ. ಆಮೇಲೆ ಬರುವ ಡಿಜೆಜಿಪಿಪಿಗೂ ಅದೇ ಗೋದಾಮು ಬೇಕು. ಹಳೆಯ ಮುನೀಮ ಹೊಸಬನಿಗೆ ಕೈ ಕೊಡಬೇಕೆಂಬ ಕರಾರಿಗೆ ವಿಸಿಪಿಐ ಎಂದು ಹೆಸರು. ಕರಾರಿಲ್ಲದಿದ್ದರೆ ಬಾಗಿಲು ಬಂದ್.

ಪತ್ತೆ ಮಾಡಿದ್ದು ಹೀಗೆ. ಮೊದಲು ಕಾನ್ಫಿಗ್.ಸಿಸ್ ಕಡತದ ನಕಲು ತೆಗೆದಿಟ್ಟೆ. ಎಂಎಸ್-ಡಾಸ್ 6ರಲ್ಲಿ, 'ಸ್ಟಾರ್ಟಿಂಗ್ ಎಂಎಸ್-ಡಾಸ್' ಎಂದು ಕಂಡಾಗ ಎಫ್5 ಒತ್ತಿದರೆ ಅದು ಆ ಕಡತವನ್ನು ಬಿಟ್ಟು ಶುರುವಾಗುತ್ತದೆ. ಹಾಗೆ ಮಾಡಿದಾಗ ಕಂಪೈಲರ್ ಓಡಿತು! ಅಂದರೆ ರೋಗ ನನ್ನ ಪ್ರೋಗ್ರಾಮಿನಲ್ಲಿಲ್ಲ, ಆ ಕಡತದಲ್ಲಿದೆ. ಮುಂದೆ ಎಫ್8: ಅದು ಒಂದೊಂದು ಸಾಲಿಗೂ 'ಬೇಕೋ ಬೇಡವೋ' ಎಂದು ಕೇಳುತ್ತದೆ. ಇಎಂಎಂ386ರ ಸಾಲಿಗೆ ಮಾತ್ರ ಬೇಡ ಅಂದೆ, ಆಗಲೂ ಓಡಿತು. ಆ ಸಾಲಿನ ಕೊನೆ ನೋಡಿದರೆ 'ನೋವಿಸಿಪಿಐ' ಎಂಬ ಪದ! ಯಾರೋ ಹಿಂದೆ ಜಾಗ ಉಳಿಸಲೆಂದು ಹಾಕಿ ಮರೆತಿದ್ದರು. ಕರಾರು ರದ್ದು ಎಂದೇ ಅದರರ್ಥ. ಆ ಒಂದು ಪದ ಅಳಿಸಿ ಮತ್ತೆ ಶುರು ಮಾಡಿದೆ. ಮುನೀಮರಿಬ್ಬರೂ ರಾಜಿಯಾದರು.

ಎಲ್ಲ ಜಗಳವೂ ಇದೇ ಜಾತಿಯದಲ್ಲ. ಯಾವುದಾದರೂ ಕಾರ್ಡು ಮೇಲಿನ 384ರಲ್ಲಿ ಕೂತಿದ್ದು, ಖಾಲಿ ಜಾಗವೆಂದು ಇಎಂಎಂ386 ಅಲ್ಲಿ ಕಾಲಿಟ್ಟರೆ ಯಂತ್ರ ಸ್ತಬ್ಧ. ಆಗ ಎಕ್ಸ್ ಎಂಬ ಸ್ವಿಚ್ಚಿನಿಂದ ಆ ವಿಳಾಸಗಳನ್ನು ಬಿಡಿಸಬೇಕು. ದಾರಿ ಮಾತ್ರ ಒಂದೇ: ಎಲ್ಲವನ್ನೂ ತೆಗೆದು ನೋಡು, ಒಂದೊಂದಾಗಿ ಸೇರಿಸು, ಒಂದು ಸಲಕ್ಕೆ ಒಂದೇ ಬದಲಾವಣೆ. ತಾಳೆಯಾಗದ ಟ್ರಯಲ್ ಬ್ಯಾಲೆನ್ಸಿನಲ್ಲಿ ನಾವು ಮಾಡುವುದೂ ಇದನ್ನೇ ತಾನೆ?

ಆದರೆ ಆ ಎರಡು ರಾತ್ರಿ ನಾನು ಕೆಡಿಸಿದ್ದ ಸರಿಯಾದ ಸಾಲುಗಳನ್ನು ಮತ್ತೆ ನೆಟ್ಟಗೆ ಮಾಡಲು ಮೂರನೆಯ ರಾತ್ರಿಯೂ ಹೋಯಿತು. ಅಷ್ಟು ದಿನ ಮಾವ ಕೈಯಲ್ಲೇ ಬಿಲ್ಲು ಬರೆದರು. ನಾಲ್ಕನೆಯ ಬೆಳಿಗ್ಗೆ ಸಾಬೂನಿನ ಮುಂದೆ 5 ಅಂತ ಬಿದ್ದಾಗ, ಏನೂ ಹೇಳದೆ ಎರಡು ಚಹಾ ತರಿಸಿದರು.