ನದಿಗೆ ಬಂದ ಹಣ ನದಿಗೇ ಸೇರಲಿ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮೇಕೆದಾಟಿನತ್ತ ಸಾಗುವ ಕಾಡಿನ ಹಾದಿಯಲ್ಲಿ ಗಾಳಿಬೋರೆ ಎಂಬ ತಾಣವಿದೆ. 1998ರಿಂದ 2012ರವರೆಗೆ ಇಲ್ಲಿ ಗಾಳ ಹಾಕಲು ಬರುತ್ತಿದ್ದವರು ತಾವು ಹಿಡಿದ ಮಹಶೀರ್ ಮೀನುಗಳ ಲೆಕ್ಕ ಬರೆದಿಟ್ಟು, ಮೀನುಗಳನ್ನು ಮತ್ತೆ ಹೊಳೆಗೇ ಬಿಡುತ್ತಿದ್ದರು. ಒಟ್ಟು 23,000 ಗಂಟೆಗೂ ಹೆಚ್ಚು ಹೊತ್ತು ಗಾಳ ಹಾಕಿ ಹಿಡಿದ 6,000ಕ್ಕೂ ಹೆಚ್ಚು ಮೀನುಗಳ ಈ ದಾಖಲೆಯನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಅದರಲ್ಲಿ ಸಂತೋಷದ ಸುದ್ದಿಯೂ ಇತ್ತು, ಆತಂಕದ ಸುದ್ದಿಯೂ ಇತ್ತು. ಒಟ್ಟಾರೆ ಮಹಶೀರ್ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಆದರೆ ಏರಿದ್ದು ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲದ ಗೂನುಬೆನ್ನಿನ ಮಹಶೀರ್ ಮಾತ್ರ ಗಾಳಕ್ಕೆ ಸಿಗುವುದೇ ಅಪರೂಪವಾಗುತ್ತ ಬಂದಿತ್ತು. ಸಿಕ್ಕ ಕೆಲವೂ ಹೆಚ್ಚೆಚ್ಚು ತೂಕದವು. ಹಳೆಯ ಮೀನುಗಳು ಬೆಳೆಯುತ್ತಿವೆ, ಹೊಸ ಪೀಳಿಗೆ ಹುಟ್ಟುತ್ತಿಲ್ಲ ಎಂಬುದು ಇದರ ಅರ್ಥ. ಸಂರಕ್ಷಣೆಗೆ ಹಣವಿತ್ತು, ಕಾವಲಿತ್ತು, ಆಸಕ್ತಿಯಿತ್ತು. ಆದರೂ ಉಳಿಯಬೇಕಾದ ಮೀನೇ ಕೈಜಾರುತ್ತಿತ್ತು. ಹೀಗಾದದ್ದೇಕೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ನಮ್ಮ ಎಲ್ಲ ನದಿಗಳಿಗೂ ಪಾಠವಾಗಬಲ್ಲದು.

ಗೂನುಬೆನ್ನಿನ ಮಹಶೀರ್ ಜಗತ್ತಿನ ಸಿಹಿನೀರಿನ ದೈತ್ಯ ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮೀನು ಹಿಡಿದದ್ದು ಇಂದಿಗೂ ದಾಖಲೆ. ಇಷ್ಟು ಹೆಸರುವಾಸಿಯಾದ ಮೀನಿನ ವೈಜ್ಞಾನಿಕ ಗುರುತು ಮಾತ್ರ ಬಹುಕಾಲ ಗೊಂದಲದಲ್ಲೇ ಇತ್ತು. ಅದು ಟಾರ್ ರೆಮಾದೇವಿ ಎಂಬ ಪ್ರಭೇದವೇ ಎಂದು 2018ರಲ್ಲಿ ಸ್ಪಷ್ಟವಾದ ಮೇಲೆ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಜೀವಿಗಳ ಸಾಲಿಗೆ ಸೇರಿಸಿತು. ಮಹಶೀರ್‌ಗಳ ಬದುಕು ಹರಿಯುವ ನೀರಿಗೇ ಒಗ್ಗಿಕೊಂಡದ್ದು. ಬೇಸಿಗೆಯಲ್ಲಿ ಅವು ಆಳವಾದ ಮಡುಗಳಲ್ಲಿ ಆಶ್ರಯ ಪಡೆಯುತ್ತವೆ. ಮುಂಗಾರಿನಲ್ಲಿ ನೀರು ಏರಿದಾಗ ಪ್ರವಾಹಕ್ಕೆ ಎದುರಾಗಿ ಈಜಿ, ಆಮ್ಲಜನಕ ತುಂಬಿದ ತೊರೆಗಳ ಹರಳುಗಲ್ಲಿನ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಡು, ಏರುನೀರು, ತಡೆಯಿಲ್ಲದ ದಾರಿ, ಹರಳುನೆಲ: ಈ ನಾಲ್ಕರಲ್ಲಿ ಒಂದು ತಪ್ಪಿದರೂ ಸಂತಾನದ ಸರಪಳಿ ತುಂಡಾಗುತ್ತದೆ. ಮರಳು ದಂಧೆ ನೆಲವನ್ನೇ ಬಗೆದೊಯ್ಯುತ್ತದೆ. ಅಣೆಕಟ್ಟು ದಾರಿಗೆ ಅಡ್ಡವಾಗುತ್ತದೆ. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಟ್ಟು ನಿಲ್ಲಿಸಿದರೆ ದಡದ ಬಳಿಯ ಮೊಟ್ಟೆಗಳು ಒಣಗುತ್ತವೆ. ತೋಟೆ ಸಿಡಿಸಿದರೆ ದೊಡ್ಡದು ಚಿಕ್ಕದು ಎನ್ನದೆ ಇಡೀ ಮಡುವಿನ ಜೀವರಾಶಿ ಸಾಯುತ್ತದೆ.

ಇಂಥ ಸ್ಥಿತಿಯಲ್ಲಿ ಕಾವೇರಿಯ ಈ ಭಾಗವನ್ನು ಕೆಲವು ದಶಕ ಕಾದದ್ದು ಒಂದು ಪಾಲುದಾರಿಕೆ. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅಂದರೆ ‘ವಾಸಿ’, ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ಬಿಟ್ಟೇಬಿಡಬೇಕು ಎಂಬ ನಿಯಮಕ್ಕೆ ಒಪ್ಪಿ ದೇಶವಿದೇಶಗಳಿಂದ ಜನ ಬಂದರು. ಅವರು ಕೊಟ್ಟ ಹಣದಿಂದ ಸುತ್ತಲಿನ ಹಳ್ಳಿಗರಿಗೆ ಕೆಲಸ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಹೊಳೆಯ ಕಾವಲುಗಾರರಾದರು, ಅತಿಥಿಗಳಿಗೆ ದಾರಿ ತೋರಿಸುವವರಾದರು. ಹೊಳೆಯನ್ನು ಬಲ್ಲವರಿಗೆ ಹೊಳೆ ಉಳಿಸಿದ್ದಕ್ಕೆ ಕೂಲಿ ಸಿಗುವಂತಾದದ್ದು ಈ ವ್ಯವಸ್ಥೆಯ ಜೀವಾಳ. ಗಾಳಿಬೋರೆಯ ದಾಖಲೆಯಲ್ಲಿ ಕಂಡ ಏರಿಕೆಗೆ ಈ ಕಾವಲೂ ಕಾರಣ ಎಂಬುದನ್ನು ಮರೆಯಬಾರದು. ಸರ್ಕಾರ, ಖಾಸಗಿ ಸಂಘ, ಪ್ರವಾಸಿ, ಹಳ್ಳಿಗ ಇವರೆಲ್ಲ ಸೇರಿದರೆ ಒಂದು ನದಿಭಾಗವನ್ನು ಕಾಯಬಹುದು ಎಂಬುದು ಇಲ್ಲಿ ಸಾಬೀತಾಯಿತು.

ಹಾಗಾದರೆ ತಪ್ಪಿದ್ದೆಲ್ಲಿ? 1970ರ ದಶಕದಿಂದ ಈಚೆಗೆ ಲೋನಾವಳದ ಟಾಟಾ ಪವರ್ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಡಲಾಯಿತು. ಕಾವೇರಿಯೂ ಅವುಗಳಲ್ಲಿ ಒಂದು. ಉದ್ದೇಶ ಒಳ್ಳೆಯದೇ ಆಗಿತ್ತು: ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ. ಆದರೆ ಮಹಶೀರ್ ಎನ್ನುವುದು ಒಂದೇ ಮೀನಲ್ಲ, ಹಲವು ಪ್ರಭೇದಗಳ ಬಳಗ. ಕೃಷ್ಣಾ ಕಣಿವೆಯ ಮೀನು ಕಾವೇರಿಗೆ ಬಂದು ಚೆನ್ನಾಗಿ ನೆಲೆಯೂರಿತು. ಆಹಾರಕ್ಕೆ, ಜಾಗಕ್ಕೆ ಮೊದಲೇ ಸೊರಗಿದ್ದ ಮೂಲನಿವಾಸಿಗೆ ಪೈಪೋಟಿ ಹೆಚ್ಚಿತು. ಎರಡೂ ಬೆರೆತು ಮಿಶ್ರತಳಿ ಹುಟ್ಟುವ ಅಪಾಯವೂ ಸೇರಿಕೊಂಡಿತು. ಮೀನುಮರಿ ಬಿತ್ತನೆ ಎಲ್ಲರಿಗೂ ಇಷ್ಟವಾಗುವ ಕೆಲಸ. ಖರ್ಚು ಕಡಿಮೆ, ಫೋಟೊ ಚೆನ್ನಾಗಿ ಬರುತ್ತದೆ, ಇಷ್ಟು ಲಕ್ಷ ಮರಿ ಬಿಟ್ಟೆವು ಎಂದು ವರದಿ ಬರೆಯಬಹುದು, ಯಾರೊಡನೆಯೂ ಜಗಳವಿಲ್ಲ. ಮರಳು ನಿಲ್ಲಿಸುವುದು, ನೀರು ಬಿಡಿಸುವುದು, ದಾರಿ ತೆರೆಯುವುದು ಹಾಗಲ್ಲ, ಅಲ್ಲಿ ಹಿತಾಸಕ್ತಿಗಳೊಡನೆ ಎದುರಾಬದುರು ನಿಲ್ಲಬೇಕಾಗುತ್ತದೆ. ಆದ್ದರಿಂದಲೇ ಸಂರಕ್ಷಣೆಯ ಹಣ ಸುಲಭವಾಗಿ ಮೀನಿನ ಸಂಖ್ಯೆಯ ಕಡೆಗೆ ಹರಿಯುತ್ತದೆ, ನದಿಯ ನೆಲೆಯ ಕಡೆಗೆ ಹರಿಯುವುದಿಲ್ಲ. ಪಾಲುದಾರಿಕೆ ಎಷ್ಟೇ ದೊಡ್ಡದಿರಲಿ, ಅದರ ಹಣ ಆವಾಸವನ್ನು ಸರಿಪಡಿಸಲು ಬಳಕೆಯಾಗದಿದ್ದರೆ ಮೂಲ ಜೀವಿ ಉಳಿಯುವುದಿಲ್ಲ.

ಹಣ ಸರಿಯಾದ ಕಡೆಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಪೆನೋಬ್‌ಸ್ಕಾಟ್ ನದಿ ಒಳ್ಳೆಯ ನಿದರ್ಶನ. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಮರಳುವ ಸಾಲ್ಮನ್, ನಮ್ಮ ಹಿಲ್ಸಾ ಬಳಗದ ಶಾಡ್, ಹೆರಿಂಗ್, ಸ್ಟರ್ಜನ್ ಮೊದಲಾದ ಮೀನುಗಳ ತವರು ಅದು. ಸಾಲುಸಾಲು ಅಣೆಕಟ್ಟುಗಳು ಅವುಗಳ ದಾರಿಯನ್ನು ಮುಚ್ಚಿದ್ದವು. 2004ರಲ್ಲಿ ನದಿಯ ಮೂಲನಿವಾಸಿಗಳಾದ ಪೆನೋಬ್‌ಸ್ಕಾಟ್ ಬುಡಕಟ್ಟು, ಹಲವು ಸಂರಕ್ಷಣಾ ಸಂಸ್ಥೆಗಳು, ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಅಣೆಕಟ್ಟುಗಳ ಒಡೆತನ ಹೊಂದಿದ್ದ ವಿದ್ಯುತ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡವು. ಕೆಳಭಾಗದ ಎರಡು ಅಣೆಕಟ್ಟುಗಳನ್ನು ಕೊಂಡು ಕೆಡವುವುದು, ಮೂರನೆಯದರ ಪಕ್ಕದಲ್ಲಿ ಮೀನು ಈಜಿಹೋಗಬಲ್ಲ ಬದಲಿ ಕಾಲುವೆ ತೋಡುವುದು, ಕಡಿಮೆಯಾಗುವ ವಿದ್ಯುತ್ತನ್ನು ಉಳಿದ ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿ ತುಂಬಿಕೊಳ್ಳಲು ಕಂಪನಿಗೆ ಅವಕಾಶ ಕೊಡುವುದು: ಇದು ಒಪ್ಪಂದದ ಸಾರ. ಖರೀದಿಗೆ ಬೇಕಾದ ಸುಮಾರು 2.5 ಕೋಟಿ ಡಾಲರ್‌ಗಳನ್ನು ಸರ್ಕಾರಿ ಅನುದಾನ ಮತ್ತು ಖಾಸಗಿ ದೇಣಿಗೆಗಳಿಂದ ಕೂಡಿಸಿದರು. 2012ರಲ್ಲಿ ಗ್ರೇಟ್ ವರ್ಕ್ಸ್, 2013ರಲ್ಲಿ ವೀಜಿ ಅಣೆಕಟ್ಟು ಕಣ್ಮರೆಯಾದವು. 2016ರಲ್ಲಿ ಹೌಲ್ಯಾಂಡ್ ಬದಲಿ ಕಾಲುವೆ ಸಿದ್ಧವಾಯಿತು.

ಫಲ ಬೇಗನೇ ಕಂಡಿತು. ಹಿಂದೆ ಕೆಲವೇ ಸಾವಿರದಷ್ಟಿದ್ದ ಹೆರಿಂಗ್ ಮೀನುಗಳು ಕೆಲವೇ ವರ್ಷಗಳಲ್ಲಿ ಹತ್ತಾರು ಲಕ್ಷದ ಲೆಕ್ಕದಲ್ಲಿ ಮೇಲೇರಿ ಬರತೊಡಗಿದವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಣದ ಜಾಗದಲ್ಲಿ 2015ರಲ್ಲಿ ಸ್ಟರ್ಜನ್ ಪತ್ತೆಯಾಯಿತು. ಅಲ್ಲಿಯೂ ಮೀನು ಬಿಡುವ ಕೆಲಸ ನಡೆಯಿತು ಎಂಬುದನ್ನು ಹೇಳಲೇಬೇಕು. ಆದರೆ ಬಿಟ್ಟದ್ದು ಆ ಪ್ರದೇಶದ್ದೇ ಆದ ಹೆರಿಂಗ್ ಮೀನುಗಳನ್ನು, ಮತ್ತು ಅವುಗಳ ಮರಿಗಳು ದೊಡ್ಡವಾಗಿ ಮರಳುವ ಹೊತ್ತಿಗೆ ದಾರಿ ತೆರೆದಿತ್ತು. ಸಾಲ್ಮನ್ ಮಾತ್ರ ಇನ್ನೂ ನಿರೀಕ್ಷೆಯಷ್ಟು ಚೇತರಿಸಿಕೊಂಡಿಲ್ಲ, ಅದು ಇಂದಿಗೂ ಮರಿ ಕೇಂದ್ರಗಳನ್ನೇ ನೆಚ್ಚಿದೆ. ಅದರ ಸಂಕಷ್ಟದ ಒಂದು ಭಾಗ ಸಮುದ್ರದಲ್ಲಿದೆ, ನದಿಯೊಂದನ್ನೇ ಸರಿಪಡಿಸಿ ಅದನ್ನು ನೀಗಲಾಗದು. ಹೀಗಾಗಿ ಆವಾಸದ ಪುನಶ್ಚೇತನ ಎಲ್ಲ ರೋಗಕ್ಕೂ ಮದ್ದು ಎಂದು ಯಾರೂ ಹೇಳಬೇಕಿಲ್ಲ. ಆದರೆ ಅದಿಲ್ಲದೆ ಬೇರೆ ಯಾವ ಮದ್ದೂ ನಾಟುವುದಿಲ್ಲ.

ಕನ್ನಂಬಾಡಿಯನ್ನೋ ಮೆಟ್ಟೂರನ್ನೋ ಕೆಡವಲಾಗುತ್ತದೆಯೇ ಎಂಬ ಆಕ್ಷೇಪ ಇಲ್ಲಿ ಸಹಜ. ಖಂಡಿತ ಇಲ್ಲ, ಲಕ್ಷಾಂತರ ರೈತರ ಬದುಕು, ನಗರಗಳ ಕುಡಿಯುವ ನೀರು ಅವನ್ನು ನಂಬಿಕೊಂಡಿವೆ. ಪೆನೋಬ್‌ಸ್ಕಾಟ್‌ನಲ್ಲೂ ಎಲ್ಲ ಅಣೆಕಟ್ಟುಗಳನ್ನು ಕೆಡವಲಿಲ್ಲ. ನದಿಯನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಿ, ಯಾವ ತಡೆ ತೆಗೆದರೆ ಕಡಿಮೆ ನಷ್ಟದಲ್ಲಿ ಹೆಚ್ಚು ದಾರಿ ತೆರೆಯುತ್ತದೆ ಎಂದು ಲೆಕ್ಕ ಹಾಕಿದರು. ಅಲ್ಲಿಂದ ನಾವು ತರಬೇಕಾದದ್ದು ಈ ಲೆಕ್ಕಾಚಾರವನ್ನು. ಕಾವೇರಿ ಕಣಿವೆಯಲ್ಲಿ ಬಳಕೆ ತಪ್ಪಿದ ಸಣ್ಣ ಒಡ್ಡುಗಳಿದ್ದರೆ ತೆರೆಯಬಹುದು. ಕಿರು ಜಲವಿದ್ಯುತ್ ಘಟಕಗಳು ಮುಂಗಾರಿನ ಸಂತಾನಕಾಲದಲ್ಲಿ ನೀರನ್ನು ಒಮ್ಮೆಲೇ ಏರಿಳಿಸದಂತೆ ಷರತ್ತು ಹಾಕಬಹುದು. ಮೊಟ್ಟೆಯಿಡುವ ಉಪನದಿಗಳನ್ನು ಗುರುತಿಸಿ ಅಲ್ಲಿ ಮರಳಿಗೂ ತೋಟೆಗೂ ಪೂರ್ಣ ತಡೆ ಒಡ್ಡಬಹುದು. ಗೂನುಬೆನ್ನಿನ ಮಹಶೀರ್ ಇನ್ನೂ ಉಳಿದಿರುವ ಮೋಯಾರ್‌ನಂಥ ಉಪನದಿಗಳನ್ನು ಕಾಯಲು ಕರ್ನಾಟಕ, ತಮಿಳುನಾಡು, ಕೇರಳಗಳು ಕೈಜೋಡಿಸಲೇಬೇಕು. ನೀರು ಹಂಚಿಕೆಯ ವ್ಯಾಜ್ಯ ಇದಕ್ಕೆ ಅಡ್ಡಿಯಾಗಬೇಕಿಲ್ಲ.

ಖಾಸಗಿ ಹಣ ಬಂದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ, ಕಂಪನಿಗಳು ತಮ್ಮ ತಪ್ಪಿಗೆ ಹಸಿರು ಬಣ್ಣ ಬಳಿದುಕೊಳ್ಳುತ್ತವೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಈ ಭಯ ನಿರಾಧಾರವಲ್ಲ. ಆದರೆ ಕಂಪನಿಗಳು ಮಾತುಕತೆಗೆ ಕೂರುವುದು ಕಾನೂನು ಬಲವಾಗಿದ್ದಾಗಲೇ ಎಂಬುದನ್ನು ಮೇನ್ ರಾಜ್ಯ ಕಂಡಿದೆ. ಅಲ್ಲಿಯ ಕೆನೆಬೆಕ್ ನದಿಯ ಎಡ್ವರ್ಡ್ಸ್ ಅಣೆಕಟ್ಟಿನ ಪರವಾನಗಿಯನ್ನು ನವೀಕರಿಸಲು ಕೇಂದ್ರದ ಇಂಧನ ನಿಯಂತ್ರಣ ಆಯೋಗ 1997ರಲ್ಲಿ ನಿರಾಕರಿಸಿತು. 1999ರಲ್ಲಿ ಆ ಅಣೆಕಟ್ಟು ಹೋಯಿತು. ಪರವಾನಗಿ ಕೈತಪ್ಪಬಹುದು ಎಂಬ ಅರಿವು ಇಲ್ಲದಿದ್ದರೆ ಪಕ್ಕದ ನದಿಯ ಒಪ್ಪಂದ ಅಷ್ಟು ಸುಲಭವಾಗುತ್ತಿರಲಿಲ್ಲ. ಹಣದ ದಾರಿಯನ್ನೂ ಕಾನೂನೇ ಕಟ್ಟಿಕೊಡಬಲ್ಲದು. ಅಮೆರಿಕದಲ್ಲಿ 1950ರ ಒಂದು ಕಾಯಿದೆಯಂತೆ ಗಾಳದ ಸಲಕರಣೆಗಳ ಮೇಲಿನ ತೆರಿಗೆ ಮೀನು ಸಂರಕ್ಷಣೆಗೆ ಮೀಸಲು. ಗಾಳದ ಪರವಾನಗಿ ಶುಲ್ಕವನ್ನು ಬೇರೆ ಕೆಲಸಕ್ಕೆ ಬಳಸುವ ರಾಜ್ಯಕ್ಕೆ ಅದರಲ್ಲಿ ಪಾಲು ಸಿಗುವುದಿಲ್ಲ. ನದಿಯಿಂದ ಬಂದ ಆದಾಯ ಬೊಕ್ಕಸದ ಸಮುದ್ರದಲ್ಲಿ ಕರಗಿಹೋಗದಂತೆ ತಡೆಯುವ ಈ ಷರತ್ತು ನಮಗೆ ಅತ್ಯಗತ್ಯ.

ಮೀನಿಗೆ ಗಾಳ ಚುಚ್ಚಿ ಹಣ ಗಳಿಸುವುದು ಸಂರಕ್ಷಣೆಯೇ ಎಂದು ಕೇಳುವವರೂ ಇದ್ದಾರೆ. ಗಾಳಿಬೋರೆಯ ಭಾಗ 1987ರಲ್ಲೇ ಕಾವೇರಿ ವನ್ಯಧಾಮವಾಗಿತ್ತು. ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಗಾಳ ಹಾಕುವಂತಿಲ್ಲ ಎಂದು ತೀರ್ಮಾನವಾಗಿ ಅಲ್ಲಿ ಗಾಳ ನಿಂತಿತು. ಆ ನಿಲುವಿಗೆ ತನ್ನದೇ ನ್ಯಾಯವಿದೆ. ಆದರೆ ಗಾಳದ ಜೊತೆಗೆ ಅದು ತರುತ್ತಿದ್ದ ಹಣ, ಕಾವಲುಗಾರರ ಕೂಲಿ, ವರ್ಷವರ್ಷದ ಲೆಕ್ಕ ಎಲ್ಲವೂ ಕುಗ್ಗಿದವು. ಆ ಜಾಗವನ್ನು ತೋಟೆ ಹಾಕುವವರು ತುಂಬಿಕೊಳ್ಳುವ ಅಪಾಯವನ್ನು ಸಂಶೋಧಕರು ಆಗಲೇ ಎಚ್ಚರಿಸಿದ್ದರು. ಗಾಳ ಬೇಡವೆನ್ನುವುದಾದರೆ ಅದರ ಜಾಗಕ್ಕೆ ಬೇರೊಂದು ವ್ಯವಸ್ಥೆ ಬೇಕು. ಹಿಂಸೆಯಿಲ್ಲದ ಕಾವಲಿನ ಮಾದರಿ ನಮ್ಮಲ್ಲೇ ಇದೆ. ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳನ್ನೂ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನೂ ಊರ ಜನರ ಶ್ರದ್ಧೆಯೇ ಕಾದಿದೆ. ಆದರೆ ಮಡು ಒಂದನ್ನು ಶ್ರದ್ಧೆ ಕಾಯಬಹುದು, ಮೇಲಿನಿಂದ ಬರುವ ವಿಷವನ್ನೋ ಮರಳಿನ ಲಾರಿಯನ್ನೋ ತಡೆಯಲು ಕಾನೂನು ಮತ್ತು ಹಣದ ಬಲವೂ ಬೇಕು.

ನಮ್ಮ ಮುಂದಿರುವ ಕೆಲಸ ಸ್ಪಷ್ಟ. ನದಿಯ ನೀರಿನಿಂದ, ವಿದ್ಯುತ್ತಿನಿಂದ, ಮರಳಿನಿಂದ, ಪ್ರವಾಸೋದ್ಯಮದಿಂದ ಲಾಭ ಪಡೆಯುವ ಎಲ್ಲರೂ ಒಂದು ಪಾಲನ್ನು ನದಿಗೆ ಮೀಸಲಾದ ನಿಧಿಗೆ ಕೊಡಬೇಕು. ಆ ನಿಧಿ ಮೊದಲು ದಾರಿ, ನೀರು, ನೆಲಗಳನ್ನು ಸರಿಪಡಿಸಲು ಬಳಕೆಯಾಗಬೇಕು, ಆಮೇಲೆ ಅಗತ್ಯವಿದ್ದರೆ ಅದೇ ಕಣಿವೆಯ ಮೀನುಮರಿ ಬಿತ್ತನೆಗೆ. ಪ್ರಭೇದವಾರು ಲೆಕ್ಕ ಪ್ರತಿ ವರ್ಷ ಸಾರ್ವಜನಿಕರ ಕೈಗೆ ಸಿಗಬೇಕು. ಹೊಳೆಯ ದಂಡೆಯ ಹಳ್ಳಿಗರಿಗೆ ನಿರ್ಧಾರದಲ್ಲೂ ಸಂಬಳದಲ್ಲೂ ಪಾಲಿರಬೇಕು. ಇನ್ನು ಮುಂದೆ ನಿಮ್ಮೂರ ಹೊಳೆಗೆ ಯಾರಾದರೂ ಲಕ್ಷ ಮೀನುಮರಿ ಬಿಟ್ಟರೆಂಬ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿ: ಅದು ಈ ಹೊಳೆಯದೇ ಮೀನೇ? ಅದು ಬದುಕಲು ಬೇಕಾದ ಹೊಳೆ ಉಳಿದಿದೆಯೇ? ಈ ಎರಡಕ್ಕೂ ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.